ಖಾಲಿ ತಾರೀಕಿನ ಕಾಗದಕ್ಕೆ ಸಹಿ ಬೇಡ

ಪ್ರಶ್ನೆ: ನನಗೆ 36 ವರ್ಷ. ಬೆಂಗಳೂರಿನ ಪಿಯು ಕಾಲೇಜೊಂದರಲ್ಲಿ ಲೆಕ್ಕಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಯಜಮಾನರು ಆನ್‌ಲೈನ್ ರಮ್ಮಿ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದರು. 2025ರ ಆಗಸ್ಟ್‌ನಲ್ಲಿ ಹೊಸ ಕಾನೂನು ಬಂದ ಮೇಲೆ ಕಂಪನಿ ಆಟ ನಿಲ್ಲಿಸಿತು, ಇವರ ಕೆಲಸವೂ ಹೋಯಿತು. ಈಗ ಇಬ್ಬರು ಹಳೆಯ ಸಹೋದ್ಯೋಗಿಗಳ ಜೊತೆ ಸೇರಿ ಹೊರದೇಶದಲ್ಲಿ ಕಂಪನಿ ತೆರೆದು ಆನ್‌ಲೈನ್ ಕ್ಯಾಸಿನೊ ನಡೆಸುತ್ತೇವೆ ಎನ್ನುತ್ತಿದ್ದಾರೆ. ಟೆಲಿಗ್ರಾಂನಲ್ಲಿ ಸಿಕ್ಕ ಏಜೆನ್ಸಿಯೊಂದು 16 ಲಕ್ಷ ರೂಪಾಯಿಗೆ ಕಂಪನಿ, ಕುರಾಸೊ ಲೈಸೆನ್ಸ್, ಬ್ಯಾಂಕ್ ಖಾತೆ ಎಲ್ಲವನ್ನೂ 21 ದಿನದಲ್ಲಿ ಮಾಡಿಕೊಡುವುದಾಗಿ ಹೇಳಿದೆ. ನಾನು ಡೈರೆಕ್ಟರ್ ಆಗಬೇಕಂತೆ. ಪಾಸ್‌ಪೋರ್ಟ್ ಪ್ರತಿ ಕೇಳಿದ್ದಾರೆ, ಸಹಿಗೆ ಕಾಗದ ಕಳಿಸಿದ್ದಾರೆ. ಮಗಳ ಹೆಸರಿನ ಎಫ್‌ಡಿ ಮುರಿಯುವ ಮಾತೂ ನಡೆದಿದೆ. ‘ಆಡುವವರು ಬ್ರೆಜಿಲ್‌ನವರು, ನಮ್ಮ ಕಾನೂನಿಗೂ ಇದಕ್ಕೂ ಸಂಬಂಧವಿಲ್ಲ’ ಎನ್ನುತ್ತಾರೆ ಇವರು. ಬೇಡ ಎಂದರೆ ‘ನಿನಗೆ ನನ್ನ ಮೇಲೆ ನಂಬಿಕೆಯಿಲ್ಲ’ ಎಂದು ಮಾತು ಬಿಡುತ್ತಾರೆ. ಈ ಏಜೆನ್ಸಿ ನಂಬಿಕೆಗೆ ಅರ್ಹವೇ ಎಂದು ತಿಳಿಯುವುದು ಹೇಗೆ? ಸಹಿ ಹಾಕಲೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಸೋದರಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸಹಿ ಹಾಕಬೇಡಿ. ಪಾಸ್‌ಪೋರ್ಟ್ ಪ್ರತಿ ಕೊಡಬೇಡಿ. ಎಫ್‌ಡಿ ಮುಟ್ಟಬೇಡಿ. ಯಾಕೆ ಎಂಬುದನ್ನು ನಿಮ್ಮ ಯಜಮಾನರ ಜೊತೆ ಕೂತು ಓದುವ ಹಾಗೆ ಬರೆಯುತ್ತೇನೆ. ಅವರು ಕೆಟ್ಟವರಲ್ಲ. ವರ್ಷಗಟ್ಟಲೆ ಕಲಿತ ಕೆಲಸ ಒಂದೇ ವಾರದಲ್ಲಿ ಕೈತಪ್ಪಿದ ಮನುಷ್ಯ ಅವರು. ಆ ಪೆಟ್ಟಿನಲ್ಲಿರುವವರ ಹತ್ತಿರವೇ ಇಂಥ ಏಜೆಂಟರು ಬರುತ್ತಾರೆ.

ನೀವು ಪತ್ರದ ಜೊತೆ ಕಳಿಸಿದ ಕೊಟೇಶನ್ನನ್ನು ಎರಡು ಸಲ ಓದಿದೆ. ಎರಡನೆಯ ಸಾಲಿನಲ್ಲೇ ‘ಕುರಾಸೊ ಸಬ್-ಲೈಸೆನ್ಸ್’ ಎಂದಿದೆ. ಆ ಒಂದು ಪದ ಸಾಕು. ಕುರಾಸೊ ಎಂಬುದು ಕೆರಿಬಿಯನ್ ಸಮುದ್ರದಲ್ಲಿ, ನೆದರ್ಲೆಂಡ್ಸ್ ರಾಜಸತ್ತೆಗೆ ಸೇರಿದ ಒಂದು ಪುಟ್ಟ ದ್ವೀಪ. 1990ರ ದಶಕದಿಂದ ಅಲ್ಲಿ ನಾಲ್ಕು ಖಾಸಗಿ ಕಂಪನಿಗಳ ಕೈಯಲ್ಲಿ ‘ಮಾಸ್ಟರ್ ಲೈಸೆನ್ಸ್’ ಇತ್ತು. ಅವು ತಮ್ಮ ಹೆಸರಿನಡಿ ನೂರಾರು ಜೂಜು ತಾಣಗಳಿಗೆ ಸಬ್-ಲೈಸೆನ್ಸ್ ಹಂಚುತ್ತಿದ್ದವು. ಒಳಬಾಡಿಗೆ ಕೊಟ್ಟ ಮನೆಯ ಹಾಗೆ, ಒಳಗೆ ಯಾರಿದ್ದಾರೆಂದು ಮಾಲೀಕನೇ ನೋಡುತ್ತಿರಲಿಲ್ಲ. ಈ ಪದ್ಧತಿಗೆ 2024ರ ಡಿಸೆಂಬರ್ 24ರಂದು ಜಾರಿಗೆ ಬಂದ ಹೊಸ ಕಾನೂನು ಕೊನೆ ಹಾಡಿತು. ಈಗ ಕುರಾಸೊ ಗೇಮಿಂಗ್ ಅಥಾರಿಟಿಗೇ ನೇರವಾಗಿ ಅರ್ಜಿ ಹಾಕಬೇಕು. ಕಂಪನಿಯ ನಿಜವಾದ ಮಾಲೀಕರು ಯಾರು, ಅವರ ಹಣ ಎಲ್ಲಿಂದ ಬಂತು ಎಂದು ಅದು ವಿಚಾರಿಸುತ್ತದೆ. ಅಂದರೆ ನಿಮ್ಮ ಏಜೆಂಟ್ ಮಾರುತ್ತಿರುವುದು ಈಗ ಅಸ್ತಿತ್ವದಲ್ಲೇ ಇಲ್ಲದ ಸರಕು.

ಕುರಾಸೊ ಬಾಗಿಲು ಬಿಗಿಯಾದ ಮೇಲೆ ಹಲವರು ಅಂಜುವಾನ್ ಹೆಸರು ಹೇಳತೊಡಗಿದ್ದಾರೆ. ನಾಳೆ ನಿಮ್ಮವರಿಗೂ ಹೇಳಬಹುದು. ಅದು ಆಫ್ರಿಕಾದ ಪೂರ್ವಕ್ಕಿರುವ ಕೊಮೊರೊಸ್ ದೇಶದ ದ್ವೀಪ. ಅಂಜುವಾನ್ ಹೆಸರಿನಲ್ಲಿ ಹಂಚಲಾದ ಆಫ್‌ಶೋರ್ ಬ್ಯಾಂಕ್ ಲೈಸೆನ್ಸ್‌ಗಳಿಗೆ ಮಾನ್ಯತೆಯಿಲ್ಲ ಎಂದು ಆ ದೇಶದ ಕೇಂದ್ರ ಬ್ಯಾಂಕೇ ಎಚ್ಚರಿಸಿದೆ. ದ್ವೀಪದ ಮೊಹರನ್ನು ಆ ದೇಶವೇ ನಂಬದಿದ್ದರೆ ನಾವು ನಂಬುವುದು ಹೇಗೆ?

ಇನ್ನು ಏಜೆಂಟನನ್ನು ಅಳೆಯುವ ಬಗೆ. ಇದು ನಿಮಗಷ್ಟೇ ಅಲ್ಲ, ಹೊರದೇಶದಲ್ಲಿ ಸಾಫ್ಟ್‌ವೇರ್ ಅಥವಾ ರಫ್ತು ವ್ಯಾಪಾರಕ್ಕೆ ನ್ಯಾಯವಾಗಿ ಕಂಪನಿ ತೆರೆಯುವವರಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲನೆಯದು, ಅವನು ನಿಮ್ಮನ್ನು ಏನು ಕೇಳಿದ ಎಂದು ನೋಡಿ. ಒಳ್ಳೆಯ ಸಂಸ್ಥೆ ಬೆಲೆ ಹೇಳುವ ಮೊದಲು ಪ್ರಶ್ನೆ ಕೇಳುತ್ತದೆ. ಹಣದ ಮೂಲ ಯಾವುದು, ಮಾಲೀಕರು ಎಲ್ಲಿ ವಾಸವಿದ್ದಾರೆ, ಗಿರಾಕಿಗಳು ಯಾವ ದೇಶದವರು, ಅವರ ಮೇಲೆ ಕೇಸುಗಳಿವೆಯೇ? ಅದರ ದೇಶದ ಹಣ ಅಕ್ರಮ ವರ್ಗಾವಣೆ ತಡೆ ಕಾನೂನು ಹಾಗೆ ಕೇಳಲೇಬೇಕೆಂದು ಕಟ್ಟುಪಾಡು ಹಾಕಿರುತ್ತದೆ. ನೀವು ಭಾರತದಲ್ಲಿದ್ದೀರಿ, ಮಾಡುವುದು ಜೂಜು ಎಂದು ಗೊತ್ತಾದ ತಕ್ಷಣ ಅಂಥ ಸಂಸ್ಥೆ ‘ಮೊದಲು ನಿಮ್ಮ ದೇಶದ ವಕೀಲರ ಅಭಿಪ್ರಾಯ ತನ್ನಿ’ ಎನ್ನುತ್ತದೆ. ನಿಮ್ಮ ಏಜೆಂಟ್ ಕೇಳಿದ್ದು ಪಾಸ್‌ಪೋರ್ಟ್ ಫೋಟೊ ಮತ್ತು ಮುಂಗಡ. ‘ಆಗದು’ ಎನ್ನಲು ಬಾರದವನ ಹತ್ತಿರ ಸಲಹೆ ಕೊಳ್ಳಬಾರದು.

ಎರಡನೆಯದು, ಅವನಿಗೇ ಲೈಸೆನ್ಸ್ ಇದೆಯೇ ನೋಡಿ. ಹಲವು ಕಡೆ ಕಂಪನಿ ತೆರೆದುಕೊಡುವ ಕೆಲಸಕ್ಕೇ ಪರವಾನಗಿ ಬೇಕು. ಬ್ರಿಟಿಷ್ ವರ್ಜಿನ್ ಐಲೆಂಡ್ಸ್‌ನಲ್ಲಿ ಫೈನಾನ್ಶಿಯಲ್ ಸರ್ವಿಸಸ್ ಕಮಿಷನ್, ಮಾಲ್ಟಾ ಮತ್ತು ಸೇಶೆಲ್ಸ್‌ನಲ್ಲಿ ಅಲ್ಲಲ್ಲಿನ ಹಣಕಾಸು ಪ್ರಾಧಿಕಾರಗಳು ಪರವಾನಗಿ ಪಡೆದವರ ಪಟ್ಟಿಯನ್ನು ತಮ್ಮ ತಾಣದಲ್ಲಿ ಪ್ರಕಟಿಸುತ್ತವೆ. ಏಜೆಂಟ್ ಕಳಿಸಿದ ಲಿಂಕ್ ಒತ್ತಬೇಡಿ, ವಿಳಾಸವನ್ನು ನೀವೇ ಟೈಪ್ ಮಾಡಿ ಹುಡುಕಿ. ಪಟ್ಟಿಯಲ್ಲಿರುವ ಹೆಸರು, ಬಿಲ್ಲಿನ ಮೇಲಿನ ಹೆಸರು, ಹಣ ಹೋಗುವ ಖಾತೆಯ ಹೆಸರು, ಈ ಮೂರೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ನಿಮಗೆ ಬಂದ ಕೊಟೇಶನ್ನಿನಲ್ಲಿ ಅಚ್ಚಾಗಿರುವುದು ಒಂದು ಹೆಸರು, ಹಣ ಕಟ್ಟಬೇಕಾದ್ದು ಕ್ರಿಪ್ಟೊ ವಾಲೆಟ್ಟಿಗೆ. ವಾಲೆಟ್ಟಿಗೆ ಹೋದ ಹಣಕ್ಕೆ ರಸೀದಿಯೂ ಇಲ್ಲ, ಕೇಳಲು ಬಾಗಿಲೂ ಇಲ್ಲ.

ಮೂರನೆಯದು, ‘ನಾವು ಮಾಡಿಸಿಕೊಟ್ಟದ್ದು’ ಎಂದು ಅವನು ತೋರಿಸುವ ಹಳೆಯ ಲೈಸೆನ್ಸ್. ಪಿಡಿಎಫ್ ಮೇಲಿನ ಮುದ್ರೆ, ತಾಣದ ಅಡಿಯಲ್ಲಿರುವ ಲಾಂಛನ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಅವನ್ನು ಯಾರು ಬೇಕಾದರೂ ಅಂಟಿಸಬಹುದು. ಪ್ರಾಧಿಕಾರದ ಸ್ವಂತ ನೋಂದಣಿ ಪಟ್ಟಿಯಲ್ಲಿ ಲೈಸೆನ್ಸ್ ಸಂಖ್ಯೆ, ಕಂಪನಿಯ ಹೆಸರು, ಜಾಲತಾಣದ ವಿಳಾಸ ಮೂರೂ ಒಟ್ಟಿಗೆ ಸಿಗಬೇಕು. ಎರಡು ಸಿಕ್ಕಿ ಮೂರನೆಯದು ಸಿಗದಿದ್ದರೆ ಅದು ಬೇರೆಯವರ ಲೈಸೆನ್ಸ್ ಇರಬಹುದು.

ನಾಲ್ಕನೆಯದು, ಲೆಕ್ಕ. ಇದು ನಿಮ್ಮ ಕ್ಷೇತ್ರ. ವೋಚರ್ ಇಲ್ಲದೆ ಎಂಟ್ರಿ ಬರೆಯಬೇಡಿ ಎಂದು ಮಕ್ಕಳಿಗೆ ಕಲಿಸುವವರು ನೀವು. ಸರ್ಕಾರಿ ಶುಲ್ಕ ಎಷ್ಟು, ಏಜೆಂಟನ ಕೂಲಿ ಎಷ್ಟು, ಪ್ರತಿ ವರ್ಷ ಎಷ್ಟು ಎಂದು ಬಿಡಿಸಿ ಕೇಳಿ. ಮಾಲ್ಟಾವನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಅಲ್ಲಿ ಅರ್ಜಿ ಶುಲ್ಕವೇ 5,000 ಯೂರೊ. ಕ್ಯಾಸಿನೊ ಮಾದರಿಯ ಆಟಕ್ಕೆ ವಾರ್ಷಿಕ ಸ್ಥಿರ ಶುಲ್ಕ 25,000 ಯೂರೊ, ಕನಿಷ್ಠ ಷೇರು ಬಂಡವಾಳ 1 ಲಕ್ಷ ಯೂರೊ. ಬಂಡವಾಳವೊಂದೇ ಕೋಟಿ ರೂಪಾಯಿಯ ಆಸುಪಾಸು. 16 ಲಕ್ಷದಲ್ಲಿ 21 ದಿನಕ್ಕೆ ಎಲ್ಲವೂ ಸಿಗುತ್ತದೆ ಎಂದರೆ ಯಾವುದೋ ಒಂದು ಸಿಗುವುದಿಲ್ಲ ಎಂದೇ ಅರ್ಥ.

ಐದನೆಯದು, ಬ್ಯಾಂಕ್ ಖಾತೆಯ ಮಾತು. ಖಾತೆ ಕೊಡುವುದು ಬ್ಯಾಂಕಿಗೆ ಬಿಟ್ಟದ್ದು, ಏಜೆಂಟ್ ಅದನ್ನು ಖಾತ್ರಿಯಾಗಿ ಮಾರುವಂತಿಲ್ಲ. ಕಾರ್ಡ್ ಜಾಲಗಳಲ್ಲಿ ಜೂಜಿನ ವ್ಯವಹಾರಕ್ಕೆ 7995 ಎಂಬ ಪ್ರತ್ಯೇಕ ಸಂಕೇತವಿದೆ. ಆ ಸಂಖ್ಯೆ ಕಂಡರೆ ಬ್ಯಾಂಕುಗಳು ದೂರ ಸರಿಯುತ್ತವೆ. ಹಾಗಾಗಿ ಕೆಲ ಏಜೆಂಟರು ‘ಸಾಫ್ಟ್‌ವೇರ್ ಸೇವೆ ಎಂದು ತೋರಿಸೋಣ’ ಎನ್ನುತ್ತಾರೆ. ನಿಮ್ಮ ಕೊಟೇಶನ್ನಿನ ಆರನೆಯ ಸಾಲಿನಲ್ಲಿರುವ ‘ಐಟಿ ಕನ್ಸಲ್ಟಿಂಗ್ ಹೆಸರಿನ ಮರ್ಚೆಂಟ್ ಖಾತೆ’ ಎಂದರೆ ಇದೇ. ಇದು ಬ್ಯಾಂಕಿಗೆ ಹೇಳುವ ಸುಳ್ಳು, ಹಣ ಅಕ್ರಮ ವರ್ಗಾವಣೆಯ ಕೇಸಿಗೆ ನೇರ ದಾರಿ. ಆ ಮಾತು ಬಂದ ಕ್ಷಣವೇ ಎದ್ದು ಬರಬೇಕು.

ಆರನೆಯದು ನಿಮ್ಮ ಸಹಿಗೆ ಬಂದ ಕಾಗದ. ಅದರಲ್ಲಿ ಮೂರು ಹಾಳೆಗಳಿವೆ. ಡೈರೆಕ್ಟರ್ ಆಗಲು ಒಪ್ಪಿಗೆ, ಏಜೆಂಟನಿಗೆ ಸರ್ವಾಧಿಕಾರ ಕೊಡುವ ಪವರ್ ಆಫ್ ಅಟಾರ್ನಿ, ತಾರೀಕಿನ ಜಾಗ ಖಾಲಿ ಬಿಟ್ಟ ರಾಜೀನಾಮೆ ಪತ್ರ. ಅಂದರೆ ನೀವು ಇಂದು ಸೇರಿದ್ದೀರಿ, ನಿಮ್ಮ ಹೆಸರಲ್ಲಿ ಬೇರೆಯವರು ಸಹಿ ಹಾಕುತ್ತಾರೆ, ನೀವು ಯಾವಾಗ ಹೊರಬಿದ್ದಿರಿ ಎಂಬುದನ್ನೂ ಅವರೇ ಬರೆದುಕೊಳ್ಳುತ್ತಾರೆ. ಲಾಭ ಬಂದ ದಿನ ನೀವು ಹೊರಗೆ, ಪೊಲೀಸರು ಬಂದ ದಿನ ಒಳಗೆ. ಹೆಂಡತಿಯ ಹೆಸರು, ತಾಯಿಯ ಹೆಸರು, ಊರಿನ ತಮ್ಮನ ಹೆಸರು ಹೀಗೆ ಕಾಗದದ ಮೇಲೆ ಕೂತು ಕೊನೆಗೆ ನೋಟಿಸ್ ಅವರ ಮನೆಗೇ ಬಂದದ್ದನ್ನು ಕಂಡು ನಾನು ಇದನ್ನು ಬರೆಯುತ್ತಿದ್ದೇನೆ.

ಏಜೆಂಟ್ ಈ ಆರರಲ್ಲೂ ಪಾಸಾದ ಎಂದೇ ಇಟ್ಟುಕೊಳ್ಳೋಣ. ಆಗಲೂ ನನ್ನ ಉತ್ತರ ಬದಲಾಗದು. ಲೈಸೆನ್ಸ್ ಕೊಡುವ ದ್ವೀಪಕ್ಕೆ ತನ್ನ ಎಲ್ಲೆಯಾಚೆ ಅಧಿಕಾರವಿಲ್ಲ. ನೀವು ಇರುವ ನೆಲ ಒಂದು, ಆಡುವವನು ಇರುವ ನೆಲ ಇನ್ನೊಂದು. ಎರಡೂ ಕಡೆ ಒಪ್ಪಿಗೆ ಬೇಕು.

ಮೊದಲು ನಮ್ಮ ನೆಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟವನ್ನು, ಅದು ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಒದಗಿಸುವುದನ್ನೇ ನಿಷೇಧಿಸುತ್ತದೆ. ಹೊರದೇಶದಿಂದ ಇಲ್ಲಿಗೆ ಆಟ ಒದಗಿಸುವವರಿಗೂ ಅದು ಅನ್ವಯ. ಶಿಕ್ಷೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಅಪರಾಧ ಜಾಮೀನುರಹಿತ. ಕಂಪನಿ ತಪ್ಪು ಮಾಡಿದರೆ ಅದರ ವ್ಯವಹಾರ ನೋಡಿಕೊಂಡವರೂ ಹೊಣೆ. ಆಡುವವರು ಹೊರಗಿದ್ದರೂ ನಡೆಸುವವರು ಬೆಂಗಳೂರಿನ ಮನೆಯಲ್ಲಿ ಕೂತಿದ್ದರೆ ಈ ಕಾಯ್ದೆ ಮುಟ್ಟುವುದಿಲ್ಲ ಎಂದು ಧೈರ್ಯ ಹೇಳುವ ಏಜೆಂಟ್ ಆ ಮಾತನ್ನು ವಕೀಲರ ಲೆಟರ್‌ಹೆಡ್‌ನಲ್ಲಿ ಬರೆಸಿಕೊಡಲಿ.

‘ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಡುವ ಯೋಜನೆ) ಅಡಿ ವರ್ಷಕ್ಕೆ 2.5 ಲಕ್ಷ ಡಾಲರ್ ಕಳಿಸಬಹುದು’ ಎಂದು ಏಜೆಂಟ್ ಹೇಳಿದ್ದಾನಂತೆ. ಮಿತಿ ನಿಜ, ಉದ್ದೇಶ ಸುಳ್ಳು. 2022ರ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಭಾರತದ ನಿವಾಸಿಯೊಬ್ಬರು ಯಾವುದೇ ರೂಪದ ಜೂಜು ನಡೆಸುವ ವಿದೇಶಿ ಕಂಪನಿಯಲ್ಲಿ ನೇರ ಹೂಡಿಕೆ ಮಾಡುವಂತಿಲ್ಲ. ಇಲ್ಲಿ ಆಡುವವರು ಬ್ರೆಜಿಲ್‌ನವರೋ ಬಳ್ಳಾರಿಯವರೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಹೊರದೇಶಕ್ಕೆ ಹಣ ಕಳಿಸಲು ಬ್ಯಾಂಕಿನಲ್ಲಿ ತುಂಬುವ ಎ2 ಫಾರ್ಮ್ ಮೇಲೆ ಬೇರೆ ಉದ್ದೇಶ ಬರೆದು ಸಹಿ ಮಾಡಿದರೆ ಅದು ಸುಳ್ಳು ಘೋಷಣೆ. ವಿದೇಶಿ ವಿನಿಮಯ ಕಾಯ್ದೆ ಫೆಮಾದಡಿ ದಂಡ ಮೊತ್ತದ ಮೂರು ಪಟ್ಟಿನವರೆಗೆ ಹೋಗುತ್ತದೆ. ಇನ್ನು ವಿದೇಶಿ ಕಂಪನಿಯ ಷೇರು, ಅಲ್ಲಿನ ಖಾತೆಗೆ ಸಹಿ ಹಾಕುವ ಅಧಿಕಾರ ಇವನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಬೇಕೆಂದೇ ಮುಚ್ಚಿಟ್ಟರೆ ಜೈಲೂ ಉಂಟು. ‘ಯಾರಿಗೂ ಗೊತ್ತಾಗುವುದಿಲ್ಲ’ ಎನ್ನುವವರಿಗೆ 2016ರ ಪನಾಮ ಪೇಪರ್ಸ್ ನೆನಪಿಸಿ. ಗುಟ್ಟು ಕಾಯುವುದನ್ನೇ ಕಸುಬು ಮಾಡಿಕೊಂಡಿದ್ದ ಒಂದೇ ವಕೀಲ ಸಂಸ್ಥೆಯಿಂದ 1 ಕೋಟಿ 15 ಲಕ್ಷ ದಾಖಲೆಗಳು ಹೊರಬಿದ್ದವು. ಎರಡು ವರ್ಷದಲ್ಲಿ ಆ ಸಂಸ್ಥೆಯೇ ಮುಚ್ಚಿತು.

ಇನ್ನು ಬ್ರೆಜಿಲ್. 2025ರ ಜನವರಿ 1ರಿಂದ ಅಲ್ಲಿ ಅದೇ ದೇಶದ ಪರವಾನಗಿ ಪಡೆದವರಷ್ಟೇ ಆನ್‌ಲೈನ್ ಬೆಟ್ಟಿಂಗ್ ನಡೆಸಬಹುದು. ಕಂಪನಿ ಅಲ್ಲೇ ನೆಲೆಗೊಂಡಿರಬೇಕು, ಪರವಾನಗಿ ಶುಲ್ಕ 3 ಕೋಟಿ ಬ್ರೆಜಿಲಿಯನ್ ರಿಯಾಲ್. ಬ್ರಿಟನ್ ಕೂಡ 2014ರಿಂದಲೇ, ಕಂಪನಿ ಎಲ್ಲೇ ಇರಲಿ, ತನ್ನ ಜನರನ್ನು ಆಡಿಸಲು ತನ್ನದೇ ಲೈಸೆನ್ಸ್ ಬೇಕು ಎನ್ನುತ್ತಿದೆ. ಕುರಾಸೊ ಕಾಗದ ಹಿಡಿದು ಬ್ರೆಜಿಲ್‌ನವರಿಗೆ ಆಟ ತೆರೆದರೆ ಅಲ್ಲೂ ಅದು ಕಾನೂನುಬಾಹಿರವೇ.

ಯಜಮಾನರ ಜೊತೆ ಮಾತಾಡುವಾಗ ನಂಬಿಕೆಯ ವಿಷಯಕ್ಕೆ ಹೋಗಬೇಡಿ. ‘ನಿಮ್ಮನ್ನು ನಂಬುತ್ತೇನೆ, ಈ ಕಾಗದವನ್ನು ನಂಬುವುದಿಲ್ಲ’ ಎಂದು ಹೇಳಿ, ಕೊಟೇಶನ್ ಮುಂದಿಟ್ಟು ಸಬ್-ಲೈಸೆನ್ಸ್ ಪದವನ್ನು ಇಬ್ಬರೂ ಸೇರಿ ಹುಡುಕಿ. ಎಂಜಿನಿಯರ್ ಮನಸ್ಸು ತಾನೇ ಪರೀಕ್ಷಿಸಿ ಕಂಡದ್ದನ್ನು ಒಪ್ಪುತ್ತದೆ. ಲಕ್ಷಾಂತರ ಜನ ಒಟ್ಟಿಗೆ ಆಡುವ ವ್ಯವಸ್ಥೆ ಕಟ್ಟಿದ, ಪಾವತಿಯ ಮೋಸ ಹಿಡಿಯಲು ಕಲಿತ ಕೈ ಅವರದು. ಬ್ಯಾಂಕು, ವಿಮೆ, ಇ-ಕಾಮರ್ಸ್ ಎಲ್ಲಕ್ಕೂ ಅದು ಬೇಕು. ಅದೇ 2025ರ ಕಾಯ್ದೆ ಇ-ಸ್ಪೋರ್ಟ್ಸ್ ಮತ್ತು ಹಣ ಕಟ್ಟದೆ ಆಡುವ ಆಟಗಳಿಗೆ ಉತ್ತೇಜನ ಕೊಡುತ್ತದೆ. ಕೆಲಸ ಸಿಗಲು ಆರು ತಿಂಗಳಾದರೂ ಆಗಲಿ. ಅಷ್ಟು ದಿನ ನಿಮ್ಮ ಸಂಬಳದಲ್ಲಿ ಮನೆ ನಡೆಯುವುದು ಯಾರಿಗೂ ಅವಮಾನವಲ್ಲ.

ಈಗಾಗಲೇ ಮುಂಗಡ ಹೋಗಿದ್ದರೆ ಇಂದೇ 1930ಕ್ಕೆ ಕರೆ ಮಾಡಿ, ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಚಾಟ್ ಅಳಿಸಬೇಡಿ. ಪಾಸ್‌ಪೋರ್ಟ್ ಪ್ರತಿ ಹೋಗಿದ್ದರೆ, ನಿಮ್ಮ ಹೆಸರಲ್ಲಿ ಯಾವ ಕಂಪನಿಯನ್ನೂ ತೆರೆಯಲು ಒಪ್ಪಿಗೆಯಿಲ್ಲ ಎಂದು ಇಮೇಲ್‌ನಲ್ಲಿ ಬರೆದು ಪ್ರತಿ ಇಟ್ಟುಕೊಳ್ಳಿ. ವಕೀಲರೊಬ್ಬರಿಗೂ ತೋರಿಸಿ.

ನಿಮ್ಮ ಸಹಿ ಇಲ್ಲದೆ ಈ ಕಂಪನಿ ನಿಲ್ಲುತ್ತದೆ ಎಂದರೆ ನಿಲ್ಲಲಿ. ನಿಮ್ಮ ಮನೆ ನಡೆಯಬೇಕು. ಆ ಮೂರು ಹಾಳೆಗಳನ್ನು ಸಹಿಯಿಲ್ಲದೆ ಹಿಂದಿರುಗಿಸಿ. ಮಗಳ ಎಫ್‌ಡಿ ಅವಳ ಹೆಸರಲ್ಲೇ ಇರಲಿ, ಪಾಸ್‌ಪೋರ್ಟ್ ಬೀರುವಿನಲ್ಲೇ ಇರಲಿ.