ಬೀಥೋವನ್ನನ ಮನೆವಾರ್ತೆ

ಜರ್ಮನಿಯ ಬಾನ್ ನಗರದಲ್ಲಿ ಬಾನ್‌ಗಾಸೆ ಎಂಬ ಹೆಸರಿನ ಬೀದಿಯೊಂದಿದೆ. ಜಗದ್ವಿಖ್ಯಾತ ಸಂಗೀತ ರಚನಕಾರನಾದ ಲುಡ್ವಿಗ್ ವಾನ್ ಬೀಥೋವನ್ 1770ರ ಡಿಸೆಂಬರ್ ತಿಂಗಳಿನಲ್ಲಿ ಹುಟ್ಟಿದ್ದು ಈ ಬೀದಿಯ ಮನೆಯೊಂದರಲ್ಲಿ. ಕಾಲಕ್ರಮದಲ್ಲಿ ಆ ಮನೆ ಪರರ ಕೈಸೇರಿ, ಇಲ್ಲವಾಗಿಹೋಗುವ ಸ್ಥಿತಿಗೆ ಬಂದಿತ್ತು. 1889ರಲ್ಲಿ ಊರಿನ 12 ಮಂದಿ ನಾಗರಿಕರು ಒಂದು ಸಂಘವನ್ನು ಸ್ಥಾಪಿಸಿ, ಮನೆಯನ್ನು ಕೊಂಡು, ಅದನ್ನು ಅವನ ಸ್ಮಾರಕವನ್ನಾಗಿ ಮಾಡಿದರು. ಅವನ ಸ್ವರಲಿಪಿಯ ಹಾಳೆಗಳು, ಪತ್ರಗಳು, ಭಾವಚಿತ್ರಗಳು ಅಲ್ಲಿವೆ. ಅವುಗಳ ಜೊತೆಗೆ ಲೋಹದಿಂದ ಮಾಡಿದ ನಾಲ್ಕು ತುತ್ತೂರಿಗಳೂ ಇವೆ. ಅವು ಬಾಯಿಯಿಂದ ಊದುವ ತುತ್ತೂರಿಗಳಲ್ಲ, ಕಿವಿಗೆ ಹಿಡಿದುಕೊಳ್ಳುವಂಥವು. ಎದುರಿಗಿದ್ದವರ ಮಾತು ಅವುಗಳ ಅಗಲವಾದ ಬಾಯಿಯನ್ನು ಹೊಕ್ಕು, ಕಿರಿದಾದ ತುದಿಯಿಂದ ಕಿವಿಯನ್ನು ಸೇರಬೇಕು. ನಾದವನ್ನೇ ಉಸಿರಾಗಿಸಿಕೊಂಡಿದ್ದ ಮನುಷ್ಯನ ಮನೆಯಲ್ಲಿ ಇಂತಹ ಸಾಧನಗಳು ಒಂದಲ್ಲ, ನಾಲ್ಕು.

ತಿರುವೈಯಾರಿನಲ್ಲಿ ತ್ಯಾಗರಾಜರು ಕೃತಿಗಳನ್ನು ರಚಿಸುತ್ತಿದ್ದ ಕಾಲವೇ ಬೀಥೋವನ್ನನ ಕಾಲವೂ ಹೌದು. 1792ರಲ್ಲಿ, ಇಪ್ಪತ್ತೊಂದು ವರ್ಷದ ತರುಣನಾಗಿದ್ದಾಗ, ಅವನು ಆಸ್ಟ್ರಿಯದ ರಾಜಧಾನಿಯಾದ ವಿಯೆನ್ನಾ ನಗರಕ್ಕೆ ಬಂದು ನೆಲೆಸಿದನು. ಪಿಯಾನೋ ನುಡಿಸುವುದರಲ್ಲಿ ಅವನಿಗಿದ್ದ ಅಸಾಧಾರಣ ಕೌಶಲ ಬೇಗನೆ ಶ್ರೀಮಂತರ ಮನೆಗಳ ಬಾಗಿಲನ್ನು ತೆರೆಯಿತು. ಆದರೆ ಮೂವತ್ತು ತುಂಬುವ ಮೊದಲೇ ಅವನ ಕಿವಿ ಮಂದವಾಗತೊಡಗಿತು. ಅದನ್ನು ಅವನು ಹಲವು ವರ್ಷ ಮುಚ್ಚಿಟ್ಟನು. ಕಿವುಡನಾದ ಸಂಗೀತಗಾರನನ್ನು ಯಾರು ತಾನೆ ನಂಬಿಯಾರು?

ವೈದ್ಯರ ಸಲಹೆಯಂತೆ 1802ರಲ್ಲಿ ಅವನು ವಿಯೆನ್ನಾದ ಸಮೀಪದ ಹೈಲಿಗೆನ್‌ಷ್ಟಾಟ್ ಎಂಬ ಹಳ್ಳಿಯಲ್ಲಿ ಕೆಲವು ತಿಂಗಳು ತಂಗಿದ್ದನು. ಅಲ್ಲಿಂದ ತನ್ನ ಇಬ್ಬರು ತಮ್ಮಂದಿರಿಗೆ ಒಂದು ದೀರ್ಘ ಪತ್ರವನ್ನು ಬರೆದನು. ಜನರು ತನ್ನನ್ನು ಸಿಡುಕನೆಂದೂ ಒಂಟಿಗನೆಂದೂ ದೂರುತ್ತಾರೆ; ತಾನು ಕಿವುಡ, ಗಟ್ಟಿಯಾಗಿ ಮಾತನಾಡಿ ಎಂದು ಬೇಡಿಕೊಳ್ಳಲು ತನ್ನಿಂದಾಗದು; ಪಕ್ಕದಲ್ಲಿದ್ದವರಿಗೆ ದೂರದ ಕೊಳಲು ಕೇಳಿಸಿದಾಗ, ಕುರುಬನ ಹಾಡು ಕೇಳಿಸಿದಾಗ, ತನಗೆ ಏನೂ ಕೇಳಿಸಲಿಲ್ಲ ಎಂದು ಅದರಲ್ಲಿ ತೋಡಿಕೊಂಡನು. ತನ್ನಲ್ಲಿರುವ ಸಂಗೀತವನ್ನೆಲ್ಲ ಹೊರಗೆ ತರುವ ಮುನ್ನ ಲೋಕವನ್ನು ಬಿಡಲಾರೆನೆಂಬ ಒಂದೇ ಭಾವ ಅವನನ್ನು ಹಿಡಿದು ನಿಲ್ಲಿಸಿತ್ತು. ಕಿರಿಯ ತಮ್ಮ ಯೋಹಾನನ ಹೆಸರನ್ನು ಬರೆಯಬೇಕಾದ ಕಡೆಗಳಲ್ಲಿ ಅವನು ಏಕೋ ಜಾಗವನ್ನು ಖಾಲಿ ಬಿಟ್ಟಿದ್ದಾನೆ. ಪತ್ರವನ್ನು ಯಾರಿಗೂ ಕಳುಹಿಸಲಿಲ್ಲ. ಇಪ್ಪತ್ತೈದು ವರ್ಷ ಅದು ಅವನ ಕಾಗದಪತ್ರಗಳ ನಡುವೆಯೇ ಉಳಿಯಿತು.

ಬಾನ್ ನಗರದ ಮನೆಯಲ್ಲಿರುವ ತುತ್ತೂರಿಗಳನ್ನು ಮಾಡಿಕೊಟ್ಟವನು ಮೇಲ್ಟ್ಸೆಲ್ ಎಂಬ ಯಂತ್ರಕುಶಲಿ. ಸಂಗೀತದ ಕಾಲಪ್ರಮಾಣವನ್ನು ಟಿಕ್ ಟಿಕ್ ಎಂದು ತೋರಿಸುವ ಮೆಟ್ರೋನೋಮ್ ಯಂತ್ರಕ್ಕೆ ಹೆಸರು ಮಾಡಿದವನೂ ಇವನೇ. ತುತ್ತೂರಿಗಳಿಂದ ಆದ ಪ್ರಯೋಜನ ಅಷ್ಟಕ್ಕಷ್ಟೇ. ಲಂಡನ್ನಿನ ಬ್ರಾಡ್‌ವುಡ್ ಕಂಪನಿಯವರು 1817ರಲ್ಲಿ ಅವನಿಗೊಂದು ಪಿಯಾನೋವನ್ನು ಕಾಣಿಕೆಯಾಗಿ ಕಳುಹಿಸಿದರು. ಹಡಗಿನಲ್ಲಿ ಟ್ರೀಸ್ಟ್ ಬಂದರಿಗೆ ಬಂದು, ಅಲ್ಲಿಂದ ನೆಲದ ಮಾರ್ಗವಾಗಿ ಮರುವರ್ಷ ಅದು ವಿಯೆನ್ನಾ ತಲುಪಿತು. ಕೇಳಿಸದ ನಾದವನ್ನು ಕೇಳಬೇಕೆಂಬ ಹಟದಿಂದ ಬೀಥೋವನ್ ಅದರ ಮನೆಗಳನ್ನು ಬಲವಾಗಿ ಒತ್ತುತ್ತಿದ್ದನು. ಕೆಲವು ವರ್ಷಗಳ ಅನಂತರ ಮನೆಗೆ ಬಂದವರು ಕಂಡದ್ದು ಕಡಿದು ಸುರುಳಿಗೊಂಡಿದ್ದ ತಂತಿಗಳನ್ನು. ಅವನ ಕೊನೆಗಾಲದಲ್ಲಿ ವಿಯೆನ್ನಾದ ಗ್ರಾಫ್ ಎಂಬ ತಯಾರಕನು ಒಂದೊಂದು ಸ್ವರಕ್ಕೂ ನಾಲ್ಕು ನಾಲ್ಕು ತಂತಿಗಳನ್ನು ಬಿಗಿದ ಮತ್ತೊಂದು ಪಿಯಾನೋವನ್ನು ಒದಗಿಸಿದನು. ಲಂಡನ್ನಿನ ಪಿಯಾನೋ ಇಂದು ಬುಡಾಪೆಸ್ಟ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಗ್ರಾಫನ ಪಿಯಾನೋ ಬಾನ್ ನಗರದಲ್ಲಿದೆ.

ಆದರೆ ಬೀಥೋವನ್ನನ ದಿನನಿತ್ಯದ ಬದುಕನ್ನು ಕಣ್ಣೆದುರಿಗೆ ತಂದು ನಿಲ್ಲಿಸುವುದು ಈ ವಾದ್ಯಗಳಲ್ಲ. ಆ ಕೆಲಸವನ್ನು ಮಾಡುವುದು ಜೇಬಿನಲ್ಲಿ ಹಿಡಿಸುವಂತಹ ಸಾಮಾನ್ಯ ನೋಟುಪುಸ್ತಕಗಳು. 1818ರ ಸುಮಾರಿಗೆ ಎದುರಿನವರ ಮಾತು ಅವನಿಗೆ ಕೇಳಿಸುವುದು ತೀರ ದುಸ್ತರವಾಯಿತು. ಅಂದಿನಿಂದ ಗೆಳೆಯರು, ವೈದ್ಯರು, ಪ್ರಕಾಶಕರು, ಅಣ್ಣನ ಆಶ್ರಯದಲ್ಲಿ ಬೆಳೆಯುತ್ತಿದ್ದ ತಮ್ಮನ ಮಗ ಕಾರ್ಲ್, ಮನೆಗೆಲಸದವರು, ಎಲ್ಲರೂ ಹೇಳಬೇಕಾದುದನ್ನು ಪೆನ್ಸಿಲಿನಿಂದ ಈ ಪುಸ್ತಕಗಳಲ್ಲಿ ಬರೆದು ತೋರಿಸುತ್ತಿದ್ದರು. ಇಂತಹ ಸುಮಾರು 140 ಪುಸ್ತಕಗಳು ಉಳಿದುಬಂದಿವೆ. ಬಹುಪಾಲು ಬರ್ಲಿನ್ ನಗರದ ಗ್ರಂಥಾಲಯದಲ್ಲಿವೆ.

ಅವುಗಳನ್ನು ಓದುವವನಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ಬೀಥೋವನ್ನನಿಗೆ ಕಿವಿ ಕೇಳಿಸುತ್ತಿರಲಿಲ್ಲವೇ ಹೊರತು ಮಾತು ಬಾರದೆ ಇರಲಿಲ್ಲ. ಇತರರು ಬರೆದುದನ್ನು ಓದಿ ಅವನು ಬಾಯಿಯಿಂದಲೇ ಉತ್ತರ ಕೊಡುತ್ತಿದ್ದನು. ಆದುದರಿಂದ ಪುಸ್ತಕದಲ್ಲಿ ಪ್ರಶ್ನೆಗಳಿವೆ, ಉತ್ತರಗಳಿಲ್ಲ. ಸಮಾಧಾನದ ಮಾತುಗಳಿವೆ, ಯಾವ ಸಿಟ್ಟಿಗೆ ಆ ಸಮಾಧಾನವೋ ತಿಳಿಯದು. ಯಾರ ಮಾತನ್ನು ಕೇಳಲು ಲೋಕವೆಲ್ಲ ಹಂಬಲಿಸುತ್ತದೆಯೋ ಆ ಮಾತೇ ಗಾಳಿಯಲ್ಲಿ ಲೀನವಾಗಿದೆ. ಅವನ ಕೈಬರಹ ಸಿಗುವುದು ಅಪರೂಪವಾಗಿ: ಪತ್ರಿಕೆಯ ಜಾಹೀರಾತಿನಿಂದ ಬರೆದುಕೊಂಡ ಪುಸ್ತಕದ ಹೆಸರು, ಅಂಗಡಿಯ ವಿಳಾಸ, ಕೊಳ್ಳಬೇಕಾದ ಸಾಮಾನುಗಳ ಪಟ್ಟಿ, ಮನೆಖರ್ಚಿನ ಲೆಕ್ಕ. ಆ ಲೆಕ್ಕಗಳನ್ನು ನೋಡಿದರೆ ನಗು ಬರುತ್ತದೆ. ಅವನಿಗೆ ಗುಣಾಕಾರ ತಿಳಿಯದು. ಒಂದು ಸಂಖ್ಯೆಯನ್ನು ಹತ್ತಾರು ಸಲ ಒಂದರ ಕೆಳಗೊಂದು ಬರೆದು ಕೂಡಿಸುತ್ತಿದ್ದನು. ನೂರಾರು ವಾದ್ಯಸ್ವರಗಳನ್ನು ಮನಸ್ಸಿನೊಳಗೇ ಹೆಣೆಯಬಲ್ಲವನಿಗೆ ಮಗ್ಗಿ ಒಲಿದಿರಲಿಲ್ಲ.

ಮನೆವಾರ್ತೆಯೂ ಅವನಿಗೆ ಒಲಿಯಲಿಲ್ಲ. ಅವನು ಮದುವೆಯಾಗಲಿಲ್ಲ. ವಿಯೆನ್ನಾದಲ್ಲಿ ಹತ್ತಾರು ಸಲ ಮನೆ ಬದಲಾಯಿಸಿದನು. ಅಡುಗೆಯವರು ಬರುತ್ತಿದ್ದರು, ಜಗಳವಾಗಿ ಹೊರಡುತ್ತಿದ್ದರು. ಯಾರು ಯಾವ ದಿನ ಬಂದರು, ಯಾವ ದಿನ ಬಿಟ್ಟರು ಎಂಬುದನ್ನು ಅವನೇ ಗುರುತುಹಾಕಿ ಇಟ್ಟಿದ್ದಾನೆ. 1809ರಲ್ಲಿ ಅವನನ್ನು ಕಂಡ ಫ್ರೆಂಚ್ ಅಧಿಕಾರಿಯೊಬ್ಬನು, ಪಿಯಾನೋದ ಮೇಲೆ ಧೂಳೂ ಸ್ವರಲಿಪಿಯ ಹಾಳೆಗಳೂ, ಕುರ್ಚಿಗಳ ಮೇಲೆ ಹಿಂದಿನ ರಾತ್ರಿಯ ಊಟದ ತಟ್ಟೆಗಳೂ ಇದ್ದುವೆಂದು ಬರೆದಿದ್ದಾನೆ. 1820ರ ಸುಮಾರಿಗೆ ಹಳೆಯ ಕೋಟು ತೊಟ್ಟು, ತಲೆಗೆ ಟೋಪಿಯಿಲ್ಲದೆ, ಅಪರಿಚಿತ ಊರೊಂದರಲ್ಲಿ ಕಿಟಕಿಗಳತ್ತ ನೋಡುತ್ತ ಅಲೆಯುತ್ತಿದ್ದ ಅವನನ್ನು ಪೊಲೀಸರು ತಿರುಕನೆಂದು ಭಾವಿಸಿ ಹಿಡಿದೊಯ್ದರೆಂಬ ಕಥೆಯೂ ಇದೆ. ತಾನು ಬೀಥೋವನ್ ಎಂದು ಅವನು ಕೂಗಿ ಹೇಳಿದರೂ ಅವರು ನಂಬಲಿಲ್ಲವಂತೆ. ಊರಿನ ಸಂಗೀತಗಾರನೊಬ್ಬನನ್ನು ಕರೆಸಿ ಗುರುತು ಹಿಡಿಸಬೇಕಾಯಿತು.

ಇಂತಹ ಅಸ್ತವ್ಯಸ್ತ ಮನುಷ್ಯನು ಕಾಫಿಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿದ್ದನಂತೆ. ಒಂದು ಬಟ್ಟಲಿಗೆ 60 ಬೀಜಗಳು. ಅತಿಥಿಗಳಿದ್ದಾಗ ಕೈಯಾರೆ ಎಣಿಸುತ್ತಿದ್ದನು. ಈ ಸಂಗತಿಯನ್ನು ತಿಳಿಸಿದವನು ಅವನ ಕಾರ್ಯದರ್ಶಿಯಂತೆ ಓಡಾಡುತ್ತಿದ್ದ ಶಿಂಡ್ಲರ್. 1824ರ ಮೇ 7ರಂದು ಒಂಬತ್ತನೆಯ ಸಿಂಫನಿಯ ಮೊದಲ ಪ್ರದರ್ಶನ ನಡೆದಾಗ ಬೀಥೋವನ್ನನಲ್ಲಿ ಕಪ್ಪು ಕೋಟು ಇರಲಿಲ್ಲ, ಹಸಿರು ಕೋಟನ್ನೇ ತೊಡಿ, ರಂಗಮಂದಿರದ ಕತ್ತಲಲ್ಲಿ ಯಾರಿಗೂ ಕಾಣದು ಎಂಬ ಅರ್ಥದ ಮಾತೂ ಶಿಂಡ್ಲರನದೇ. ಅಂದು ವಾದ್ಯವೃಂದದ ನಡುವೆ ಸಭೆಗೆ ಬೆನ್ನುಮಾಡಿ ನಿಂತಿದ್ದ ಬೀಥೋವನ್ನನಿಗೆ ಚಪ್ಪಾಳೆ ಕೇಳಿಸಲಿಲ್ಲ. ಗಾಯಕಿ ಕರೋಲಿನೆ ಉಂಗರ್ ಅವನನ್ನು ಮೆಲ್ಲನೆ ಸಭೆಯ ಕಡೆಗೆ ತಿರುಗಿಸಿದಳು. ಆಗ ಅವನು ಚಪ್ಪಾಳೆಯನ್ನು ಕಣ್ಣಿನಿಂದ ಕಂಡನು. ಆಮೇಲೆ ಲೆಕ್ಕ ನೋಡಿದಾಗ ಖರ್ಚು ಕಳೆದು ಉಳಿದ ಹಣ ಬಹಳ ಅಲ್ಪವಾಗಿತ್ತು. ಆ ರಾತ್ರಿಯ ಸಂತೋಷ ಅಲ್ಲಿಗೆ ಮುಗಿಯಿತು.

ಶಿಂಡ್ಲರನ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ದೊಡ್ಡ ಪ್ರಶ್ನೆ. ಬೀಥೋವನ್ನನ ಮರಣಾನಂತರ ಆ ಸಂಭಾಷಣೆಯ ಪುಸ್ತಕಗಳು ಅವನ ವಶಕ್ಕೆ ಬಂದುವು. ಅವುಗಳ ಖಾಲಿ ಜಾಗಗಳಲ್ಲಿ, ತಾನು ಗುರುವಿಗೆ ಅತ್ಯಂತ ಆಪ್ತನಾಗಿದ್ದೆನೆಂದು ತೋರುವಂತೆ, ಅವನು ಹೊಸ ಮಾತುಗಳನ್ನು ತಾನೇ ಬರೆದು ಸೇರಿಸಿದನು. ಈ ಕೃತ್ರಿಮ 1970ರ ದಶಕದಲ್ಲಿ ವಿದ್ವಾಂಸರ ಪರಿಶೀಲನೆಯಿಂದ ಬಯಲಾಯಿತು. ಮೊದಲೇ ಅರ್ಧವಾಗಿದ್ದ ಸಂಭಾಷಣೆಯಲ್ಲಿ ಆಡದಿದ್ದ ಮಾತುಗಳೂ ಬೆರೆತಿದ್ದುವು! ಕಾಫಿಬೀಜದ ಲೆಕ್ಕವನ್ನು ಹೇಳುವಾಗ ಇದನ್ನೂ ಮರೆಯಬಾರದು.

1827ರ ಮಾರ್ಚ್ 26ರಂದು ಬೀಥೋವನ್ ತೀರಿಕೊಂಡನು. ಅವನ ಮೇಜಿನ ಗುಪ್ತ ಅರೆಯಲ್ಲಿ ಬ್ಯಾಂಕಿನ ಷೇರುಪತ್ರಗಳೂ, ಹೆಸರಿಲ್ಲದ ಪ್ರಿಯೆಗೆ ಬರೆದ ಪ್ರೇಮಪತ್ರವೂ ಇದ್ದುವು. ಹೈಲಿಗೆನ್‌ಷ್ಟಾಟಿನ ಪತ್ರವೂ ಆಗಲೇ ಹೊರಬಂದಿತು. ಅಂತಿಮ ದರ್ಶನಕ್ಕೆ ಬಂದವರಲ್ಲಿ ಅನೇಕರು ನೆನಪಿಗೆಂದು ಅವನ ತಲೆಗೂದಲನ್ನು ಕತ್ತರಿಸಿಕೊಂಡರು. ಹೀಗೆ ಹಂಚಿಹೋದ ಕೂದಲಿನ ಗೊಂಚಲುಗಳು ಕೈಯಿಂದ ಕೈಗೆ, ದೇಶದಿಂದ ದೇಶಕ್ಕೆ ಸಾಗಿದುವು. ಹದಿನೈದು ವರ್ಷದ ಹಿಲ್ಲರ್ ಎಂಬ ಬಾಲಕ ಕತ್ತರಿಸಿಕೊಂಡನೆಂದು ಹೇಳಲಾದ ಗೊಂಚಲು 1994ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಅದರಲ್ಲಿ ಸೀಸದ ಅಂಶ ಹೆಚ್ಚಾಗಿ ಕಂಡುದರಿಂದ, ಬೀಥೋವನ್ನನನ್ನು ಕೊಂದದ್ದು ಸೀಸದ ವಿಷವೆಂಬ ಮಾತು ಎಲ್ಲೆಡೆ ಹಬ್ಬಿತು. 2023ರಲ್ಲಿ ವಿಜ್ಞಾನಿಗಳು ಕೂದಲಿನ ವಂಶವಾಹಿಗಳನ್ನು ಪರೀಕ್ಷಿಸಿದಾಗ, ಆ ಗೊಂಚಲು ಒಬ್ಬ ಹೆಂಗಸಿನದೆಂದು ತಿಳಿದುಬಂದಿತು!

ಅದೇ ಪರೀಕ್ಷೆಯಲ್ಲಿ ಬೇರೆ ಐದು ಗೊಂಚಲುಗಳು ನಿಜವೆಂದು ನಿಂತುವು. ಅವುಗಳಲ್ಲೊಂದರ ಕಥೆ ಸ್ವಾರಸ್ಯವಾದುದು. ಆಂಟನ್ ಹಾಲ್ಮ್ ಎಂಬ ಪಿಯಾನೋವಾದಕನ ಹೆಂಡತಿಗೆ ಬೀಥೋವನ್ನನ ಕೂದಲು ಬೇಕೆಂಬ ಆಸೆಯಿತ್ತು. ಬೀಥೋವನ್ನನ ಸುತ್ತಲಿದ್ದವರು ತಮಾಷೆಗೆಂದು ಆಡಿನ ಕೂದಲನ್ನು ಕಳುಹಿಸಿಕೊಟ್ಟರು. ಆಕೆ ಅದನ್ನು ಜೋಪಾನವಾಗಿ ಇರಿಸಿಕೊಂಡಳು. 1826ರಲ್ಲಿ ಹಾಲ್ಮ್ ಬೇರೆ ಕೆಲಸದ ನಿಮಿತ್ತ ಬೀಥೋವನ್ನನ ಮನೆಗೆ ಬಂದನು. ಅಷ್ಟರಲ್ಲಿ ನಡೆದ ಮೋಸ ಬೀಥೋವನ್ನನಿಗೆ ತಿಳಿದಿತ್ತು. ಅವನು ಕೆರಳಿ, ತನ್ನ ಸುತ್ತಲಿನವರನ್ನು ಬೈದು, ತನ್ನ ಕೂದಲನ್ನೇ ಕತ್ತರಿಸಿ ಹಾಲ್ಮನ ಕೈಗೆ ಕೊಟ್ಟನು.

ತನ್ನ ಮರಣಾನಂತರ ವೈದ್ಯನು ತನ್ನ ಕಾಯಿಲೆಯನ್ನು ಲೋಕಕ್ಕೆ ವಿವರಿಸಿ ತಿಳಿಸಲಿ ಎಂದು 1802ರ ಪತ್ರದಲ್ಲಿ ಬೀಥೋವನ್ ಕೋರಿದ್ದನು. ನಿಜವೆಂದು ಸಿದ್ಧವಾದ ಕೂದಲು ಆ ಕೋರಿಕೆಯನ್ನು ಸ್ವಲ್ಪಮಟ್ಟಿಗೆ ನಡೆಸಿಕೊಟ್ಟಿದೆ. ಅವನಿಗೆ ಯಕೃತ್ತಿನ ಕಾಯಿಲೆಯ ಆನುವಂಶಿಕ ಒಲವೂ, ಕೊನೆಗಾಲದಲ್ಲಿ ಹೆಪಟೈಟಿಸ್ ಬಿ ಎಂಬ ಸೋಂಕೂ ಇದ್ದುವು. ಹಾಲ್ಮನಿಗೆ ಕೊಟ್ಟ ಗೊಂಚಲಿನಲ್ಲಿ ಸೀಸವು ಸಾಮಾನ್ಯ ಮಟ್ಟದ ಸುಮಾರು 95 ಪಟ್ಟು ಇತ್ತೆಂದು 2024ರಲ್ಲಿ ಪ್ರಕಟವಾಯಿತು. ಆದರೆ ಅದೊಂದರಿಂದಲೇ ಅವನು ಸತ್ತಿರಲಾರನೆಂದು ಪರೀಕ್ಷಕರು ಅಭಿಪ್ರಾಯಪಟ್ಟರು. ಅವನ ಕಿವುಡುತನಕ್ಕೆ ಮೂಲವೇನೆಂಬುದು ವಂಶವಾಹಿಗಳಲ್ಲಿ ಸಿಗಲಿಲ್ಲ.