ಸಂಜೆ ನಾಲ್ಕರ ಹಾದಿ ನೋಡಿ ಮನೆ ಹಿಡಿ

ಮಗಳೇ, ಬಾಗಿಲು ತೆರೆದರೆ ಸ್ಕೀ ಮಾಡುವ ಇಳಿಜಾರು ಸಿಗಬೇಕು, ಅಂಥ ಮನೆ ನೋಡುತ್ತಿದ್ದೇವೆ ಅಂತ ಬರೆದಿದ್ದೀಯ. ಒಳ್ಳೆಯ ಯೋಚನೆ. ಆದರೆ ಜಾಹೀರಾತಿನಲ್ಲಿ ನಿನಗೆ ತೋರಿಸುವುದೆಲ್ಲ ಬೆಳಗ್ಗೆ ಒಂಬತ್ತು ಗಂಟೆಯ ಚಿತ್ರ: ಎಳೆ ಬಿಸಿಲು, ಗೀರು ಬೀಳದ ಹಿಮ, ನಗುತ್ತ ಜಾರಿ ಹೊರಟ ಗಂಡ ಹೆಂಡತಿ. ನೀನು ಸಂಜೆ ನಾಲ್ಕು ಗಂಟೆಯನ್ನು ನೋಡು. ಆ ಹೊತ್ತಿಗೆ ಕಾಲು ಸೋತಿರುತ್ತದೆ. ದಿನವಿಡೀ ಜನ ಜಾರಿ ಜಾರಿ ಹಿಮವೆಲ್ಲ ಗುಪ್ಪೆಗುಪ್ಪೆಯಾಗಿರುತ್ತದೆ. ಮೋಡ ಕವಿದಿದ್ದರೆ ನೆಲದ ಉಬ್ಬುತಗ್ಗು ಕಣ್ಣಿಗೆ ಕಾಣುವುದಿಲ್ಲ. ಲಿಫ್ಟ್ ನಿಲ್ಲುವ ವೇಳೆಯಾದ್ದರಿಂದ ಎಲ್ಲರೂ ಒಟ್ಟಿಗೇ ಇಳಿಯುತ್ತಿರುತ್ತಾರೆ. ನಿಮ್ಮಲ್ಲಿ ಎಲ್ಲರಿಗಿಂತ ಹೊಸಬರು ಯಾರೋ, ಅವರು ಆ ಹೊತ್ತಿನಲ್ಲಿ ಹೆದರದೆ ಮನೆ ಬಾಗಿಲಿಗೆ ಇಳಿದು ಬರಬಲ್ಲರೇ? ಮೊದಲು ಕೇಳಬೇಕಾದದ್ದು ಇದನ್ನು. ಬಾಡಿಗೆ, ಬಾಲ್ಕನಿ, ಈಜುಕೊಳ ಎಲ್ಲ ಆಮೇಲೆ.

ಇಳಿಜಾರಿನ ಪಕ್ಕದ ಮನೆಗೆ ಹೆಚ್ಚು ದುಡ್ಡು ಕೊಡುವುದು ದುಂದು ಅಂತ ಅಳಿಯಂದಿರು ಅಂದರಂತೆ. ಅವರು ಇನ್ನೂ ಸ್ಕೀ ಬೂಟು ಹಾಕಿಕೊಂಡು ನಡೆದಿಲ್ಲ. ಅದು ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು. ಕಾಲುಗಿಣ್ಣು ಮಡಿಯುವುದಿಲ್ಲ, ಜೋಡಿಗೆ ಮೂರು ನಾಲ್ಕು ಕಿಲೋ ತೂಕ. ಹೆಗಲ ಮೇಲೆ ಸ್ಕೀ, ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ನಾಲ್ಕು ವರ್ಷದ ಮಗ, ಕಾಲಡಿಯಲ್ಲಿ ಮಂಜುಗಡ್ಡೆ ಕಟ್ಟಿದ ರಸ್ತೆ. ಹೀಗಿರುವಾಗ ಇನ್ನೂರು ಮೀಟರ್ ಅಂದರೆ ಬಹಳ ದೂರ. ಲಂಡನ್ನಿನಲ್ಲೇ ಇದ್ದೀರಿ, ಒಂದು ಭಾನುವಾರ ಹೆಮೆಲ್ ಹೆಂಪ್‌ಸ್ಟೆಡ್‌ನ ಒಳಾಂಗಣ ಹಿಮದ ಕೇಂದ್ರಕ್ಕೆ ಹೋಗಿ ಇಬ್ಬರೂ ಬೂಟು ಕಟ್ಟಿಕೊಂಡು ಓಡಾಡಿ ನೋಡಿ. ಆಮೇಲೆ ಬಾಡಿಗೆಯ ಲೆಕ್ಕ ಹಾಕಿ.

ಆದರೂ ಬಾಗಿಲ ಮುಂದೆ ಹಿಮ ಇರುವುದರ ನಿಜವಾದ ಬೆಲೆ ಬೇರೆಯೇ ಇದೆ. ಇನ್ನೂ ಹೆಚ್ಚು ಹೊತ್ತು ಸ್ಕೀ ಮಾಡಬಹುದು ಅಂತ ಹೇಳುತ್ತಾರೆ, ಹೊಸಬರಿಗೆ ಅದು ಮುಖ್ಯವಲ್ಲ. ಬೇಕೆನಿಸಿದ ಕ್ಷಣ ನಿಲ್ಲಿಸಿ ಮನೆಗೆ ಬರಬಹುದು, ದೊಡ್ಡದು ಅದೇ. ಮಗುವಿಗೆ ಚಳಿ ಹತ್ತಿತು, ನಿನಗೆ ಮಂಡಿ ನೋವು ಬಂತು, ಮಧ್ಯಾಹ್ನ ಬಿಸಿ ಅನ್ನ ಬೇಕೆನಿಸಿತು, ಒಬ್ಬರು ಬಂದುಬಿಡಬಹುದು, ಉಳಿದವರು ಮುಂದುವರಿಯಬಹುದು. ಬಸ್ಸಿಗೆ ಕಾಯಬೇಕಿಲ್ಲ, ಒಬ್ಬರಿಗಾಗಿ ಎಲ್ಲರೂ ಹೊರಡಬೇಕಿಲ್ಲ. ನಿನ್ನ ಅತ್ತೆ ಮಾವ ಸೇರಿ ಮೂರು ತಲೆಮಾರು ಒಟ್ಟಿಗೆ ಹೋಗುವಾಗ ಮನೆಯಲ್ಲಿ ಮಾತಿಗೆ ಮಾತು ಬೆಳೆಯದಿರಬೇಕಾದರೆ ಈ ಅನುಕೂಲ ಬೇಕು.

ಈಗ ಜಾಹೀರಾತಿನ ಮಾತಿಗೆ ಬರೋಣ. ‘ಸ್ಕೀ-ಇನ್ ಸ್ಕೀ-ಔಟ್’ ಅಂದರೆ ಹೋಗುವಾಗಲೂ ಬರುವಾಗಲೂ ಕಾಲಿನಿಂದ ಸ್ಕೀ ಬಿಚ್ಚಬೇಕಾಗಿಲ್ಲ ಅಂತ. ಕೆಲವರು ಇದನ್ನು ಅರ್ಧಕ್ಕೇ ಬಳಸುತ್ತಾರೆ: ಬೆಳಗ್ಗೆ ಜಾರಿ ಹೋಗಬಹುದು, ಸಂಜೆ ಮೆಟ್ಟಿಲು ಹತ್ತಬೇಕು. ಇಳಿಜಾರಿನ ಬದಿ ಅಂದರೆ ಕಿಟಕಿಯಿಂದ ಕಾಣುತ್ತದೆ ಅನ್ನುವುದಕ್ಕಿಂತ ಹೆಚ್ಚಿನ ಭರವಸೆ ಅದರಲ್ಲಿಲ್ಲ. ಲಿಫ್ಟಿಗೆ ಹತ್ತಿರ ಅಂದರೆ ಎಷ್ಟು ಮೀಟರ್, ಏರೋ ಇಳಿಜಾರೋ ಕೇಳಲೇಬೇಕು. ನೀನು ನೋಡುವ ಊರಿನ ಪಿಸ್ತ್ ನಕ್ಷೆ, ಅಂದರೆ ಸ್ಕೀ ಹಾದಿಗಳ ನಕ್ಷೆ ತೆಗೆದುಕೊಂಡು ಕಟ್ಟಡವನ್ನು ಗುರುತಿಸು, ಅದರ ಬಾಗಿಲಿಗೆ ಬಂದು ಸೇರುವ ಗೆರೆ ಯಾವ ಬಣ್ಣದ್ದು ನೋಡು. ಫ್ರಾನ್ಸಿನಲ್ಲಿ ಹಸಿರು ಎಲ್ಲಕ್ಕಿಂತ ಸುಲಭ, ಆಮೇಲೆ ನೀಲಿ, ಕೆಂಪು, ಕಪ್ಪು. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಸಾಮಾನ್ಯವಾಗಿ ನೀಲಿಯಿಂದಲೇ ಶುರು. ಮನೆಗೆ ಬರುವ ದಾರಿ ಕೆಂಪು ಒಂದೇ ಆಗಿದ್ದರೆ ಆ ಬಾಗಿಲು ನಿಮಗೆ ತೆರೆದಿಲ್ಲ ಅಂತಲೇ ತಿಳಿ. ಇಳಿಯಲು ಧೈರ್ಯ ಸಾಲದಿದ್ದರೆ ಲಿಫ್ಟಿನಲ್ಲೇ ಕೂತು ಕೆಳಗೆ ಬರಲು ಬಿಡುತ್ತಾರೆಯೇ ಅಂತಲೂ ವಿಚಾರಿಸು. ಮುಚ್ಚಿದ ಗೊಂಡೋಲಾಗಳಲ್ಲಿ ಸಾಮಾನ್ಯವಾಗಿ ಬಿಡುತ್ತಾರೆ, ಎಷ್ಟೋ ಚೇರ್‌ಲಿಫ್ಟುಗಳಲ್ಲಿ ಬಿಡುವುದಿಲ್ಲ.

ನನ್ನನ್ನು ಕೇಳಿದರೆ ನಿಮಗೆ ಫ್ರಾನ್ಸಿನ ಲೇಜಾರ್ಕ್ ಒಪ್ಪುತ್ತದೆ. ಆಲ್ಪ್ಸ್‌ನ ಹಳೆಯ ಹಳ್ಳಿಗಳು ಕಣಿವೆಯಲ್ಲಿ ಹೊಲ ಗದ್ದೆ, ದನಕರುಗಳ ಅನುಕೂಲ ನೋಡಿ ಬೆಳೆದವು. ಹಿಮ ನಿಲ್ಲುವುದು ಅವುಗಳಿಗಿಂತ ಬಹಳ ಮೇಲೆ. 1960ರ ದಶಕದಲ್ಲಿ ಫ್ರೆಂಚ್ ಸರ್ಕಾರದ ಉತ್ತೇಜನದಿಂದ, ದನ ಮೇಯುತ್ತಿದ್ದ ಎತ್ತರದ ಹುಲ್ಲುಗಾವಲುಗಳಲ್ಲಿ ಸ್ಕೀಗೆಂದೇ ಹೊಸ ಊರುಗಳು ಎದ್ದವು. ಅವೊರಿಯಾಝ್, ಫ್ಲೇನ್ ಹೀಗೆ ಹುಟ್ಟಿದವು. ಅವೊರಿಯಾಝ್‌ಗೆ ಇವತ್ತಿಗೂ ಕಾರು ಬಿಡುವುದಿಲ್ಲ, ಸಾಮಾನು ಸಾಗಿಸಲು ಕುದುರೆ ಎಳೆಯುವ ಸ್ಲೆಡ್ಜ್ ಇದೆ. ಲೇಜಾರ್ಕ್ ಅನ್ನು ಅಲ್ಲಿನ ಪರ್ವತ ಗೈಡ್ ರೊಬೇರ್ ಬ್ಲಾಂ ಮತ್ತು ಉದ್ಯಮಿ ರೋಜೆ ಗೊದಿನೊ ಸೇರಿ ಶುರು ಮಾಡಿದರು. ಮೊದಲ ಊರು ಆರ್ಕ್ 1600 ತೆರೆದದ್ದು 1968ರಲ್ಲಿ. ಕಟ್ಟಡಗಳ ಹಿಂದಿದ್ದ ಮುಖ್ಯ ವಾಸ್ತುಶಿಲ್ಪಿಗಳಲ್ಲಿ ಶಾರ್ಲೊಟ್ ಪೆರಿಯಾಂ ಒಬ್ಬರು. ಚಂಡೀಗಢದ ನಕ್ಷೆ ಮಾಡಿದ ಲೆ ಕಾರ್ಬ್ಯೂಸಿಯೆಯ ಕಚೇರಿಯಲ್ಲಿ ತರುಣಿಯಾಗಿದ್ದಾಗ ದುಡಿದವರು. ಪರ್ವತವನ್ನು ಪ್ರೀತಿಸುತ್ತಿದ್ದ ಆಕೆ, ಕಟ್ಟಡಗಳನ್ನು ಬೆಟ್ಟದ ಇಳಿಜಾರಿನ ಗೆರೆಗೇ ಒರಗಿಸಿದರು. ಕಡಿಮೆ ಬಾಡಿಗೆಯ ಪುಟ್ಟ ಮನೆಗೂ ಬಿಸಿಲು, ಎದುರಿಗೆ ಬೆಟ್ಟ ಸಿಗಲಿ ಅನ್ನುವ ಕಾಳಜಿ ಆ ನಕ್ಷೆಗಳಲ್ಲಿದೆ. ಅದಕ್ಕೇ ನನಗೆ ಆ ಊರಿನ ಮೇಲೆ ಅಷ್ಟು ಅಭಿಮಾನ.

ಕೆಳಗಿನ ಬೂರ್-ಸಾಂ-ಮೋರಿಸ್ ರೈಲು ನಿಲ್ದಾಣದಿಂದ ಹಳಿಯ ಮೇಲೆ ಏರುವ ಫ್ಯುನಿಕ್ಯುಲರ್ ಗಾಡಿ ಏಳು ನಿಮಿಷದಲ್ಲಿ ಆರ್ಕ್ 1600ಕ್ಕೆ ಮುಟ್ಟಿಸುತ್ತದೆ. ವಯಸ್ಸಾದವರಿಗೆ ಬೆಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸುವ ತಾಪತ್ರಯವಿಲ್ಲ. ಅಲ್ಲಿಂದ ಮೇಲೆ 1800, 1950, 2000 ಅಂತ ಇನ್ನೂ ಮೂರು ಊರುಗಳಿವೆ, ಹೆಸರಿನಲ್ಲೇ ಹೆಚ್ಚುಕಡಿಮೆ ಎತ್ತರವೂ ಇದೆ. 2003ರಲ್ಲಿ ತೆರೆದ 1950ರಲ್ಲಿ ಕಾರುಗಳೆಲ್ಲ ನೆಲದಡಿ, ಬೀದಿಯ ತುಂಬ ಹಿಮ. ಬಾಗಿಲವರೆಗೆ ಜಾರಿ ಬರುವ ಸುಖ ಬೇಕೆಂದರೆ ಅದು ಸರಿ, ಹಿಮವೂ ತಡವಾಗಿ ಕರಗುತ್ತದೆ. ಆದರೆ ಅಲ್ಲಿ ಮರಗಳು ಕಡಿಮೆ. ಹಿಮ ಸುರಿಯುವ ದಿನ ಆಕಾಶ ನೆಲ ಎರಡೂ ಒಂದೇ ಬಿಳುಪಾದಾಗ ದಾರಿ ಗುರುತಿಸಲು ಮರಗಳ ಸಾಲು ಬೇಕು. 1600 ಮತ್ತು 1800ರ ಸುತ್ತ ಕಾಡಿದೆ. 1800ರಲ್ಲಿ ಹೊಸಬರಿಗಾಗಿ ಮೀಸಲಾದ ಜಾಗ, ಸ್ಲೆಡ್ಜ್ ಹಾದಿ, ಈಜುಕೊಳ ಹತ್ತಿರ ಹತ್ತಿರ ಇವೆ. ಆದ್ದರಿಂದ ಮೊದಲ ಸಲಕ್ಕೆ 1800, ಅಲ್ಲಿ ಸಿಗದಿದ್ದರೆ 1600.

ಎತ್ತರದ ವಿಷಯ ನಿನ್ನ ಅತ್ತೆ ಮಾವನವರ ದೃಷ್ಟಿಯಿಂದಲೂ ನೋಡು. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1930 ಮೀಟರ್, ಆರ್ಕ್ 2000ದಲ್ಲಿ ಅದಕ್ಕಿಂತ ಮೇಲೆ ಮಲಗಬೇಕು. ಫ್ರಾನ್ಸಿನ ಇನ್ನೊಂದು ಸ್ಕೀ ಊರು ವಾಲ್ ತೊರಾಂಸ್ 2300ರಲ್ಲಿದೆ. ಅಷ್ಟು ಎತ್ತರದಲ್ಲಿ ಮೊದಲೆರಡು ರಾತ್ರಿ ಎಷ್ಟೋ ಜನಕ್ಕೆ ನಿದ್ದೆ ಸರಿಯಾಗಿ ಬರುವುದಿಲ್ಲ, ಗಾಳಿ ಒಣಗಿ ಗಂಟಲು ಕೆರೆಯುತ್ತದೆ. ಮಾವನವರಿಗೆ ಬಿಪಿ ಇದೆಯಲ್ಲ, ಮೈಸೂರಿನಲ್ಲೇ ಅವರ ಡಾಕ್ಟರನ್ನು ಕೇಳಿ ಹೊರಡಲಿ.

ಅವರಿಬ್ಬರೂ ಸ್ಕೀ ಮಾಡುವುದಿಲ್ಲ, ಹಾಗಾಗಿ ಅವರಿಗೆ ಯಾವ ಮನೆಯಾದರೂ ಆದೀತು ಅಂತ ದಯವಿಟ್ಟು ಅಂದುಕೊಳ್ಳಬೇಡ. ಇಡೀ ದಿನ ಮನೆಯಲ್ಲಿ ಇರುವವರು ಅವರೇ. ರಸ್ತೆ ಕಡೆಯ ಕೋಣೆ ಹತ್ತಿಪ್ಪತ್ತು ಯೂರೋ ಕಡಿಮೆಗೆ ಸಿಗುತ್ತದೆ, ತೆಗೆದುಕೊಳ್ಳಬೇಡ. ಇಳಿಜಾರಿನ ಕಡೆ ಬಾಲ್ಕನಿ ಇರಲಿ. ತೇರಿನ ಬೀದಿಯಲ್ಲಿ ಮನೆಯಿದ್ದ ಅಜ್ಜಿ ಜಗಲಿ ಬಿಟ್ಟು ಏಳದೆ ಜಾತ್ರೆಯನ್ನೆಲ್ಲ ನೋಡುತ್ತಿದ್ದಳಲ್ಲ, ಹಾಗೆ ಅವರು ಕಾಫಿ ಲೋಟ ಹಿಡಿದು ಕೂತಲ್ಲಿಂದಲೇ ಮೊಮ್ಮಗ ಬೀಳುವುದು ಏಳುವುದು ನೋಡಬೇಕು. ನಡೆದಾಡಲು ಹಿಮ ಗುಡಿಸಿದ ಕಾಲುದಾರಿ ಇದೆಯೇ, ಸ್ಕೀ ಇಲ್ಲದವರಿಗೆ ಲಿಫ್ಟ್ ಪಾಸ್ ಕೊಡುತ್ತಾರೆಯೇ, ಕೇಳಿಕೋ.

ಮಗುವಿನ ಮಾತು. ಫ್ರೆಂಚ್ ಸ್ಕೀ ಶಾಲೆಯಲ್ಲಿ ಪಿಯು-ಪಿಯು ಅಂತ ಮೂರರಿಂದ ಐದು ವರ್ಷದವರ ತರಗತಿ ಇರುತ್ತದೆ. ಬೇಲಿ ಹಾಕಿದ ಜಾಗ, ನಿಂತರೆ ಮೇಲಕ್ಕೆ ಒಯ್ಯುವ ಮ್ಯಾಜಿಕ್ ಕಾರ್ಪೆಟ್, ಕೆಂಪು ಜಾಕೆಟ್ಟಿನ ಮಾಸ್ತರು. ಆ ಬೇಲಿ ಎಲ್ಲಿದೆ ಅಂತ ನಕ್ಷೆಯಲ್ಲಿ ಹುಡುಕಿ, ಮನೆಯನ್ನು ಅದಕ್ಕೆ ಹತ್ತಿರ ನೋಡು. ದೊಡ್ಡ ಗೊಂಡೋಲಾಕ್ಕೆ ನೀವು ಹತ್ತು ನಿಮಿಷ ನಡೆಯಬೇಕಾದರೂ ಚಿಂತೆಯಿಲ್ಲ. ಮಗುವಿನ ಬೂಟು, ಸ್ಕೀ, ಅಳು ಮೂರನ್ನೂ ಹೊರುವವಳು ನೀನೇ.

ಫ್ರೆಂಚ್ ಫ್ಲ್ಯಾಟುಗಳಲ್ಲಿ ಆರು ಜನಕ್ಕೆ ಅಂದರೆ ಆರು ಜನ ಮಲಗಬಹುದು ಅಂತ ಮಾತ್ರ ಅರ್ಥ. ಸೋಫಾ ಬಿಚ್ಚಿದರೆ ಹಾಸಿಗೆ, ಬಾಗಿಲ ಪಕ್ಕದ ಕಿಟಕಿಯಿಲ್ಲದ ಮೂಲೆಯಲ್ಲಿ ಒಂದರ ಮೇಲೊಂದು ಮಂಚ, ಅದೂ ಲೆಕ್ಕಕ್ಕೆ ಸೇರುತ್ತದೆ. ಚದರ ಮೀಟರ್ ಎಷ್ಟು ಅಂತ ನೋಡು. ಐವರಿಗೆ ಎರಡು ನಿಜವಾದ ಮಲಗುವ ಕೋಣೆ ಬೇಕೇ ಬೇಕು. ಹೊದಿಕೆ, ಟವೆಲ್, ಕೊನೆಯ ದಿನದ ಸ್ವಚ್ಛತೆ ಎಷ್ಟೋ ಕಡೆ ಬಾಡಿಗೆಯೊಳಗೆ ಇರುವುದಿಲ್ಲ, ಪ್ರವಾಸಿ ತೆರಿಗೆ ಬೇರೆ, ಠೇವಣಿ ಬೇರೆ. ಅಡುಗೆಮನೆ ಇರುವುದು ನಿಮಗೆ ದೊಡ್ಡ ಅನುಕೂಲ. ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವವರಲ್ಲ, ಬೆಟ್ಟದ ಹೋಟೆಲುಗಳ ಊಟದಲ್ಲಿ ಚೀಸ್ ಬಿಟ್ಟರೆ ಅವರಿಗೆ ಸಿಗುವುದು ಕಡಿಮೆ. ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ ಲಂಡನ್ನಿನಿಂದಲೇ ತೆಗೆದುಕೊಂಡು ಹೋಗು, ಹಾಲು ತರಕಾರಿ ಕೆಳಗಿನ ಬೂರ್-ಸಾಂ-ಮೋರಿಸ್‌ನಲ್ಲಿ ಕೊಂಡುಕೋ. ಮೇಲೆ ಅಂಗಡಿಗಳಿವೆ, ಬೆಲೆ ಹೆಚ್ಚು.

ಇನ್ನೊಂದು ಮಾತನ್ನು ಅಳಿಯಂದಿರ ಕೈ ಹಿಡಿದು ಹೇಳಬೇಕೆಂದಿದ್ದೇನೆ. ಬಾಗಿಲ ಮುಂದೆಯೇ ಇಳಿಜಾರು ಇದ್ದರೆ ರಾತ್ರಿ ಊಟವಾದ ಮೇಲೆ ಮಗುವನ್ನು ಸ್ಲೆಡ್ಜ್ ಮೇಲೆ ಕೂರಿಸಿ ಒಂದು ಸುತ್ತು ಹೋಗಿಬರುವ ಆಸೆಯಾಗುತ್ತದೆ. ಬೇಡ. ಪಿಸ್ತ್ ಮುಚ್ಚಿದ ಮೇಲೆ ಹಿಮ ಸಮ ಮಾಡುವ ದೊಡ್ಡ ಯಂತ್ರಗಳು ಬರುತ್ತವೆ. ಕಡಿದಾದ ಕಡೆ ಅವು ಉಕ್ಕಿನ ಹಗ್ಗ ಕಟ್ಟಿಕೊಂಡು ಏರುತ್ತವೆ. ಆ ಹಗ್ಗ ನೂರಾರು ಮೀಟರ್ ಉದ್ದ ಬಿಗಿದು ನಿಂತಿರುತ್ತದೆ, ಕತ್ತಲಲ್ಲಿ ಕಾಣುವುದಿಲ್ಲ. ಅದಕ್ಕೆ ಬಡಿದು ಜನ ಸತ್ತಿದ್ದಾರೆ. ಸಂಜೆ ಮುಚ್ಚಿದ ಹಾದಿ ಬೆಳಗ್ಗೆ ತೆರೆಯುವವರೆಗೆ ನಿಮ್ಮದಲ್ಲ. ಆ ಯಂತ್ರಗಳ ಸದ್ದು ಕೇಳಿಸುತ್ತದೆ, ಹಿಮ ಉಗುಳುವ ಫಿರಂಗಿಗಳದ್ದೂ ಕೇಳಿಸುತ್ತದೆ. ನಿದ್ದೆ ಸೂಕ್ಷ್ಮ ಇರುವವರಿಗೆ ಮೇಲಿನ ಮಹಡಿ ಒಳ್ಳೆಯದು.

ದುಡ್ಡು ಸಾಲದಿದ್ದರೆ ಆಸ್ಟ್ರಿಯಾದ ಕಣಿವೆ ಊರುಗಳಿವೆ. ಮೈರ್‌ಹೋಫನ್ 630 ಮೀಟರ್ ಎತ್ತರದಲ್ಲಿದೆ. ಊರ ನಡುವಿನಿಂದಲೇ ಗೊಂಡೋಲಾ ಮೇಲೇರುತ್ತದೆ. ಲಿಫ್ಟ್ ಪಕ್ಕದ ಬಾಡಿಗೆ ಅಂಗಡಿಯ ಕಪಾಟಿನಲ್ಲೇ ಸ್ಕೀ, ಬೂಟು ರಾತ್ರಿ ಬಿಟ್ಟುಬಂದರೆ ಮಾಮೂಲಿ ಶೂ ಹಾಕಿಕೊಂಡು ನಡೆದುಕೊಂಡು ಹೋಗಬಹುದು, ಅರ್ಧ ಕಷ್ಟ ಅಲ್ಲೇ ತೀರುತ್ತದೆ. ಗುಲ್ಮಾರ್ಗ್‌ಗೆ ಹೋಗೋಣವೆಂದು ನಿನ್ನ ತಮ್ಮ ಕೇಳುತ್ತಿದ್ದ. ಅವನಿಗೂ ಇದೇ ಲೆಕ್ಕ. ಅಲ್ಲಿ ಗೊಂಡೋಲಾಕ್ಕೆ ಅಂಟಿದ ಹೋಟೆಲಿಗೇ ಬೇಡಿಕೆ, ಆದರೆ ಆ ಗೊಂಡೋಲಾ ಒಯ್ಯುವುದು ಅಫರ್ವಾಟ್ ಬೆಟ್ಟದ ಎತ್ತರಕ್ಕೆ, ಹಿಮಕುಸಿತದ ಅಪಾಯ ಬಲ್ಲವರ ಜಾಗಕ್ಕೆ. ಹೊಸಬನಿಗೆ ಬೇಕಾದದ್ದು 2650 ಮೀಟರ್ ಎತ್ತರದ ಗುಲ್ಮಾರ್ಗ್ ಹುಲ್ಲುಗಾವಲಿನ ಸಣ್ಣ ದಿಬ್ಬಗಳು. ಅಗ್ಗ ಅಂತ 13 ಕಿಲೋಮೀಟರ್ ಕೆಳಗಿನ ತಂಗ್‌ಮಾರ್ಗ್‌ನಲ್ಲಿ ಉಳಿದರೆ ಹಿಮ ಬಿದ್ದ ಬೆಳಗ್ಗೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಗೆ ಕಾಯುತ್ತ ಕೂರಬೇಕಾಗುತ್ತದೆ.

ತಾರೀಖು: ಮಗನಿಗೆ ಇನ್ನೂ ಐದಾಗಿಲ್ಲ, ಶಾಲೆಯ ರಜೆಗೆ ಕಾಯಬೇಡ. ಫೆಬ್ರುವರಿಯಲ್ಲಿ ಫ್ರಾನ್ಸಿನ ಮೂರು ವಲಯಗಳ ಶಾಲಾ ರಜೆ ಒಂದರ ಹಿಂದೊಂದು ಬರುತ್ತದೆ, ನಿಮ್ಮ ಇಂಗ್ಲೆಂಡಿನ ರಜೆಯೂ ಅದರೊಳಗೇ ಬೀಳುತ್ತದೆ, ಬಾಡಿಗೆ ಏರುತ್ತದೆ. ಹೊಸ ವರ್ಷದ ಗದ್ದಲ ಮುಗಿದ ಜನವರಿಯ ಎರಡನೇ ವಾರ ಹಿಡಿ. ಮಾರ್ಚ್ ಕೊನೆಗೆ ಹೋಗುವುದಾದರೆ ಬಾಗಿಲ ಮುಂದಿನ ಇಳಿಜಾರು ಉತ್ತರಕ್ಕೆ ಮುಖ ಮಾಡಿರಬೇಕು. ದಕ್ಷಿಣಕ್ಕಿದ್ದರೆ ಹಿಮ ಕರಗಿ ಕೊನೆಯ ನೂರು ಮೀಟರ್ ಹುಲ್ಲಿನ ಮೇಲೆ ನಡೆಯಬೇಕಾದೀತು. ಅತ್ತೆ ಮಾವನವರ ಬ್ರಿಟಿಷ್ ವೀಸಾ ಫ್ರಾನ್ಸಿಗೆ ನಡೆಯುವುದಿಲ್ಲ. ಷೆಂಗೆನ್ ವೀಸಾಕ್ಕೆ ಬೆಂಗಳೂರಿನಲ್ಲೇ, ಹೊರಡುವ ಮುಂಚೆ ಅರ್ಜಿ ಹಾಕಬೇಕು, ಉಳಿಯುವ ಜಾಗದ ಕಾಗದ ತೋರಿಸಬೇಕು. ಹಾಗಾಗಿ ರದ್ದು ಮಾಡಿದರೆ ಹಣ ಹಿಂದಿರುಗುವ ಬುಕಿಂಗನ್ನೇ ಮಾಡು.

ಮುಂಗಡ ಕಟ್ಟುವ ಮೊದಲು ಮನೆ ಮಾಲೀಕರಿಗೆ ಒಂದು ಕಾಗದ ಬರೆ. ಹಿಮಕ್ಕೆ ತೆರೆಯುವ ಬಾಗಿಲು ಯಾವ ಮಹಡಿಯಲ್ಲಿದೆ, ಅಲ್ಲಿಗೆ ಲಿಫ್ಟ್ ಇದೆಯೇ, ಬೂಟು ಒಣಗಿಸುವ ಕೋಣೆ ಆ ಬಾಗಿಲ ಬಳಿಯೇ ಇದೆಯೇ, ಅಲ್ಲಿಗೆ ಇಳಿದು ಬರುವ ಪಿಸ್ತ್‌ನ ಹೆಸರು ಬಣ್ಣ ಏನು, ಸಂಜೆ ಎಷ್ಟು ಗಂಟೆಗೆ ಮುಚ್ಚುತ್ತಾರೆ, ಶನಿವಾರ ಬೆಳಗ್ಗೆ ಬೀಗದ ಕೈ ಕೊಟ್ಟ ಮೇಲೆ ಸಾಮಾನು ಇಡಲು ಜಾಗವಿದೆಯೇ. ಇಷ್ಟಕ್ಕೂ ಬಿಡಿಬಿಡಿಯಾಗಿ ಉತ್ತರ ಬರಬೇಕು. ಎಲ್ಲ ಹತ್ತಿರವೇ ಇದೆ ಅಂತ ಒಂದೇ ಸಾಲು ಬಂದರೆ ಆ ಮನೆ ಬಿಟ್ಟು ಮುಂದಿನದನ್ನು ನೋಡು. ಉತ್ತರ ಸರಿಯಾಗಿ ಬಂದರೆ ನನಗೂ ಕಳಿಸು, ಭಾನುವಾರ ನಕ್ಷೆ ಎದುರಿಗಿಟ್ಟುಕೊಂಡು ಫೋನಿನಲ್ಲಿ ಇಬ್ಬರೂ ಕೂತು ನೋಡೋಣ.