ಸೆಲ್ಫಿಯಲ್ಲಿ ಮೂಗು ದಪ್ಪ ಕಾಣುವುದೇಕೆ?

ಈ ಸಲ ವಿಜ್ಞಾನ ವಿಭಾಗಕ್ಕೆ ನಾನು ಆರಿಸಿಕೊಂಡ ವಿಷಯ ನಮ್ಮ ಮೂಗು. ನಗಬೇಡಿ. ಇದರಲ್ಲಿ ಗಣಿತವೂ ಇದೆ.

ಸೆಲ್ಫಿ ಎಂದರೆ ತನ್ನ ಫೋಟೋವನ್ನು ತಾನೇ ತೆಗೆದುಕೊಳ್ಳುವುದು. ಮೊಬೈಲನ್ನು ಕೈಯಲ್ಲೇ ಹಿಡಿಯುವುದರಿಂದ ಕ್ಯಾಮೆರಾ ಮುಖಕ್ಕೆ ಬಹಳ ಹತ್ತಿರ ಇರುತ್ತದೆ. ಹತ್ತಿರದ ವಸ್ತು ದೊಡ್ಡದಾಗಿ, ದೂರದ ವಸ್ತು ಚಿಕ್ಕದಾಗಿ ಕಾಣುತ್ತದೆ. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನ ಮುಂದೆ ಹೆಬ್ಬೆರಳು ಹಿಡಿದರೆ ನಮ್ಮ ಶಾಲೆಯ ಧ್ವಜಸ್ತಂಭವೇ ಮರೆಯಾಗುತ್ತದೆ. ಹಾಗಂತ ಹೆಬ್ಬೆರಳು ಧ್ವಜಸ್ತಂಭಕ್ಕಿಂತ ದೊಡ್ಡದಾ?

ಈಗ ಲೆಕ್ಕ. ಮೂಗಿನ ತುದಿಯಿಂದ ಹಿಂದಕ್ಕೆ ಕಿವಿಯವರೆಗೆ ಸುಮಾರು 5 ಅಂಗುಲ ಎಂದಿಟ್ಟುಕೊಳ್ಳೋಣ. (ಸ್ಕೇಲನ್ನು ಕೆನ್ನೆಯ ಪಕ್ಕ ನೇರವಾಗಿ ಹಿಡಿಯಬೇಕು, ಬಗ್ಗಿಸಬಾರದು.) ಮೊಬೈಲ್ ಮೂಗಿನಿಂದ 12 ಅಂಗುಲ ದೂರ ಇದ್ದರೆ ಕಿವಿಯಿಂದ 17 ಅಂಗುಲ ದೂರ ಆಯಿತು. 17 ÷ 12 = 1.42. ಅಂದರೆ ಕಿವಿಗಿಂತ ಮೂಗು 1.42 ಪಟ್ಟು ಹಿಗ್ಗಿ ಕಾಣುತ್ತದೆ. ಬೇರೆಯವರು 5 ಅಡಿ, ಅಂದರೆ 60 ಅಂಗುಲ ದೂರ ನಿಂತು ತೆಗೆದರೆ? ಮೂಗಿಗೆ 60, ಕಿವಿಗೆ 65. 65 ÷ 60 = 1.08. ಈಗ ಎರಡನ್ನೂ ಹೋಲಿಸಿ. 1.42 ÷ 1.08 = 1.31. ಸೆಲ್ಫಿಯಲ್ಲಿ ಮೂಗು ನೂರಕ್ಕೆ 31ರಷ್ಟು ಹೆಚ್ಚು! 2018ರಲ್ಲಿ ಅಮೆರಿಕದ ವೈದ್ಯರು ಇದೇ ರೀತಿ ಲೆಕ್ಕ ಹಾಕಿ, ನೂರಕ್ಕೆ ಸುಮಾರು 30 ಎಂದು ಪ್ರಕಟಿಸಿದರು. ಅವರಿಗೆ ಯಾಕೆ ಬೇಕಿತ್ತು ಈ ಲೆಕ್ಕ? ಸೆಲ್ಫಿ ತೋರಿಸಿ, ಮೂಗು ಸಣ್ಣ ಮಾಡಿ ಅಂತ ಆಪರೇಷನ್ ಕೇಳಿಕೊಂಡು ಜನ ಬರುತ್ತಿದ್ದರು.

ಇನ್ನು ಫಿಲ್ಟರ್. ಇದು ಮುಖದಲ್ಲಿ ಕಣ್ಣು, ಮೂಗು, ತುಟಿ ಎಲ್ಲಿವೆ ಎಂದು ಗುರುತಿಸಿ ಮೂಗು ಸಣ್ಣ, ಗಲ್ಲ ಚೂಪು, ಚರ್ಮ ನುಣುಪು ಮಾಡುತ್ತದೆ. ಹತ್ತಿರದ ಕ್ಯಾಮೆರಾ ಮೂಗನ್ನು ದಪ್ಪ ಮಾಡಿತು, ಫಿಲ್ಟರ್ ತೆಳ್ಳಗೆ ಮಾಡಿತು. ನಿಜವಾದ ಮೂಗು ಎರಡರಲ್ಲೂ ಇಲ್ಲ. ಕೆಲವು ಫಿಲ್ಟರ್ ಬಣ್ಣವನ್ನೂ ಬೆಳ್ಳಗೆ ಮಾಡುತ್ತವೆ. 2020ರಲ್ಲಿ ಫೇರ್ ಅಂಡ್ ಲವ್ಲಿ ಕ್ರೀಮಿನವರು ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಹಾಕಿದರು. ಟ್ಯೂಬಿನ ಮೇಲಿಂದ ಹೋದದ್ದು ಮೊಬೈಲ್ ಒಳಗೆ ಬಂದು ಕೂತಿದೆ ಅಂತ ನನಗನ್ನಿಸುತ್ತದೆ.

ನಮ್ಮ ಬೀದಿಯಲ್ಲಿ ಹತ್ತನೇ ತರಗತಿಯ ಒಬ್ಬಳು ಅಕ್ಕ ಇದ್ದಾಳೆ. ಹೆಸರು ಬೇಡ. ಗೌರಿ ಹಬ್ಬದ ದಿನ ಸೆಲ್ಫಿ ತೆಗೆದು ಹಾಕಿದ್ದಕ್ಕೆ ಯಾರೋ ಮೂಗಿನ ಬಗ್ಗೆ ಕೆಟ್ಟದಾಗಿ ಬರೆದರು. ಅವತ್ತಿಂದ ಅವಳು ಮಾತಾಡುವಾಗ ವೇಲ್ ಅಡ್ಡ ಹಿಡಿಯುತ್ತಾಳೆ. ಮುಖ ತೆಳ್ಳಗಾಗಲಿ ಅಂತ ರಾತ್ರಿ ಮುದ್ದೆ ಬಿಟ್ಟಳು. ಅವರ ತರಗತಿಯ ಗ್ರೂಪ್ ಫೋಟೋಕ್ಕೂ ನಿಲ್ಲಲಿಲ್ಲ. ನಾನು ಅವಳ ಮುಂದೆ ಮೇಲಿನ ಲೆಕ್ಕ ಮಾಡಿ ತೋರಿಸಿದೆ. “ಲೆಕ್ಕ ಸರಿ ಕಣೇ. ಆದ್ರೆ ನೋಡೋರು ಭಾಗಾಕಾರ ಮಾಡ್ಕೊಂಡು ನೋಡ್ತಾರಾ?” ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಮೇಷ್ಟ್ರನ್ನು ಕೇಳಿದಾಗ ಎರಡು ಸಂಗತಿ ಹೇಳಿದರು. ಆಸ್ಟ್ರೇಲಿಯಾದ ಎಸೆನಾ ಓನೀಲ್ ಎಂಬ ಹುಡುಗಿಯ ಫೋಟೋಗಳನ್ನು ಇನ್‌ಸ್ಟಾಗ್ರಾಂನಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ನೋಡುತ್ತಿದ್ದರು. 2015ರಲ್ಲಿ, 18ನೇ ವಯಸ್ಸಿನಲ್ಲಿ, ಅವಳು ಫೋಟೋಗಳ ಕೆಳಗೆ ನಿಜ ಬರೆಯತೊಡಗಿದಳು. ಹೊಟ್ಟೆ ಚೆನ್ನಾಗಿ ಕಾಣಲೆಂದು ಒಂದು ಫೋಟೋಕ್ಕಾಗಿ ನೂರಕ್ಕೂ ಹೆಚ್ಚು ಸಲ ತೆಗೆಸಿದ್ದಳಂತೆ. ತೆಗೆಯುತ್ತಿದ್ದವಳು ಅವಳ ತಂಗಿ. ಪಾಪ, ಅವಳಿಗೆ ಬೈಗುಳ ಬೇರೆ! ನಾವು ನೋಡುವುದು ಆ ಒಂದು ಫೋಟೋವನ್ನು. ಬಿಟ್ಟುಹೋದ ನೂರು ನಮಗೆ ಕಾಣುವುದಿಲ್ಲ.

ಎರಡನೆಯದು, 2021ರಲ್ಲಿ ಫೇಸ್‌ಬುಕ್ ಕಂಪನಿಯಲ್ಲಿ (ಈಗ ಮೆಟಾ) ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗನ್ ಎಂಬುವರು ಅದರ ಒಳಗಿನ ಕಾಗದಪತ್ರ ಹೊರಗೆ ತಂದರು. ಇನ್‌ಸ್ಟಾಗ್ರಾಂ ಈ ಕಂಪನಿಯದೇ. ತಮ್ಮ ದೇಹದ ಬಗ್ಗೆ ಬೇಸರ ಇದ್ದ ಹುಡುಗಿಯರಲ್ಲಿ ಸುಮಾರು ಮೂವರಲ್ಲಿ ಒಬ್ಬಳಿಗೆ ಇನ್‌ಸ್ಟಾಗ್ರಾಂ ನೋಡಿ ಆ ಬೇಸರ ಹೆಚ್ಚಾಯಿತು ಎಂದು ಕಂಪನಿಯೇ ಮಾಡಿಸಿದ ಅಧ್ಯಯನದಲ್ಲಿತ್ತು. ಅಂದರೆ ಅವರಿಗೆ ಗೊತ್ತಿತ್ತು. ಅಕ್ಕನಿಗೆ ಗೊತ್ತಿರಲಿಲ್ಲ.

ಪ್ರಯೋಗ: ಬರುವ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಒಂದು ತೆಂಗಿನಕಾಯಿಗೆ ಜೇಡಿಮಣ್ಣಿನ ಮೂಗು, ಕಿವಿ ಅಂಟಿಸಿ 12 ಅಂಗುಲದಿಂದ ಒಂದು, 5 ಅಡಿಯಿಂದ ಒಂದು ಫೋಟೋ ತೆಗೆಯುತ್ತೇವೆ. ಎರಡರಲ್ಲೂ ಮೂಗು, ಮುಖದ ಅಗಲ ಅಳೆದು ಹೋಲಿಸುತ್ತೇವೆ. (ತೆಂಗಿನಕಾಯಿ ಯಾಕೆಂದರೆ ಅದಕ್ಕೆ ಬೇಜಾರಾಗುವುದಿಲ್ಲ.) ಮೇಷ್ಟ್ರು ಮೊಬೈಲ್ ಕೊಡಲು ಒಪ್ಪಿದ್ದಾರೆ. ಯಾರ ಮನೆಯಲ್ಲಾದರೂ ಅಳತೆ ಟೇಪು ಇದ್ದರೆ ತನ್ನಿ.

— 7ನೇ ತರಗತಿ ವಿದ್ಯಾರ್ಥಿನಿ